ಬರಿದು ನಳಿಗೆ

ಬಾನುಲಿಯಲ್ಲಿ ಬಣ್ಣಗಳನ್ನು ಕುರಿತು ಮಾತನಾಡಲು ಹೊರಡುವುದು ಸ್ವಲ್ಪ ಅವಿವೇಕವೇ ಸರಿ. ಕೇಳುವವರಿಗೆ ಕೆಂಪೂ ಕಾಣದು, ಹಳದಿಯೂ ಕಾಣದು. ಆದರೆ ನಾನು ಇಂದು ಹೇಳಬೇಕೆಂದಿರುವ ಸಂಗತಿಯನ್ನು ನಾಲ್ಕು ಗಾಜಿನ ನಳಿಗೆಗಳೂ ಮೂರು ಬಣ್ಣದ ನೀರೂ ಇಲ್ಲದೆ ಹೇಳಲಾರೆ. ಕಾಗದ, ಪೆನ್ಸಿಲು ಹತ್ತಿರವಿರುವವರು ಗುರುತು ಹಾಕಿಕೊಳ್ಳಬಹುದು. ಇಲ್ಲದವರು ಮನಸ್ಸಿನಲ್ಲಿಯೇ ಸುರಿದುಕೊಳ್ಳಲಿ, ಚೆಲ್ಲೀತೆಂಬ ಭಯವಿಲ್ಲ.

ಮೊಬೈಲ್ ಫೋನಿನಲ್ಲಿ ಆಡುವ ಆಟವಿದು. ತೆರೆಯ ಮೇಲೆ ಪ್ರಯೋಗಶಾಲೆಯಲ್ಲಿರುವಂಥ ಗಾಜಿನ ನಳಿಗೆಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದು ನಳಿಗೆಯೂ ನಾಲ್ಕು ಪಾಲು ನೀರು ಹಿಡಿಯುತ್ತದೆ. ನೀರಾದರೋ ಒಂದೇ ಬಣ್ಣದ್ದಲ್ಲ. ತಳದಲ್ಲೊಂದು, ಅದರ ಮೇಲೆ ಮತ್ತೊಂದು ಎಂದು ಪದರಪದರವಾಗಿ ನಿಂತಿದೆ, ಆದರೂ ಒಂದರೊಡನೊಂದು ಬೆರೆಯುವುದಿಲ್ಲ. ಭೌತಶಾಸ್ತ್ರ ಬಲ್ಲವರು ಇದನ್ನು ಮನ್ನಿಸಬೇಕು. ಒಂದೊಂದು ಬಣ್ಣಕ್ಕೆ ಒಟ್ಟು ನಾಲ್ಕು ಪಾಲು. ಒಂದು ಬಣ್ಣದ ನಾಲ್ಕೂ ಪಾಲು ಒಂದೇ ನಳಿಗೆಯಲ್ಲಿ ಕೂಡಿದರೆ ಆ ಬಣ್ಣ ಮನೆ ಸೇರಿದಂತೆ. ಎಲ್ಲ ಬಣ್ಣಗಳೂ ಮನೆ ಸೇರಿದರೆ ಆಟ ಗೆದ್ದಂತೆ. ಮೇಲಿನ ಪದರವನ್ನು ಮಾತ್ರ ಸುರಿಯಬಹುದು. ಸುರಿಯುವ ಕಡೆ ಜಾಗವಿರಬೇಕು, ಅಲ್ಲಿ ಮೇಲಿರುವುದೂ ಅದೇ ಬಣ್ಣವಾಗಿರಬೇಕು. ನಳಿಗೆ ಪೂರ್ತಿ ಬರಿದಾಗಿದ್ದರೆ ಮಾತ್ರ ಯಾವ ಬಣ್ಣವನ್ನಾದರೂ ಸುರಿಯಲು ಅಡ್ಡಿಯಿಲ್ಲ. ಒಂದೇ ಬಣ್ಣದ ಎರಡು ಮೂರು ಪಾಲುಗಳು ಮೇಲೆ ಒಟ್ಟಿಗಿದ್ದರೆ ಜಾಗವಿರುವಷ್ಟೂ ಒಟ್ಟಾಗಿಯೇ ಹರಿದುಹೋಗುತ್ತವೆ.

ಮನೆಯಲ್ಲಿ ಹಳೆಯ ಟ್ರಂಕು ಇಟ್ಟುಕೊಂಡವರಿಗೆ ಈ ಆಟದ ಸ್ವಭಾವ ಬೇಗ ತಿಳಿಯುತ್ತದೆ. ಬೇಕಾದ ಸೀರೆ ಯಾವಾಗಲೂ ತಳದಲ್ಲಿರುತ್ತದೆ. ಅದನ್ನು ತೆಗೆಯಬೇಕಾದರೆ ಮೇಲಿರುವುದನ್ನೆಲ್ಲ ಎತ್ತಿ ಎಲ್ಲಿಯಾದರೂ ಇಡಬೇಕು; ಹಾಗೆ ಇಡಲು ಒಂದು ಮಂಚ ಬರಿದಾಗಿರಬೇಕು. ಮಂಚದ ಮೇಲೆ ಯಾರಾದರೂ ಮಲಗಿದ್ದರೆ ಆ ದಿನ ಸೀರೆ ಸಿಕ್ಕುವುದಿಲ್ಲ. ಈ ಆಟದಲ್ಲಿ ಬರಿದು ನಳಿಗೆಯೇ ಆ ಮಂಚ. ಸಾಮಾನ್ಯವಾಗಿ ಇಂಥ ಎರಡು ನಳಿಗೆಗಳನ್ನು ಆಟ ಕಟ್ಟಿದವರೇ ಉದಾರವಾಗಿ ಕೊಟ್ಟಿರುತ್ತಾರೆ.

ನನ್ನ ಮೊಮ್ಮಗಳಿಗೆ ಹತ್ತು ವರ್ಷ. ರಜೆಗೆಂದು ಬಂದವಳು ಎರಡು ದಿನಗಳಿಂದ ಒಂದೇ ಘಟ್ಟದಲ್ಲಿ ಸಿಕ್ಕಿಬಿದ್ದಿದ್ದಳು. ಘಟ್ಟವೆಂದರೆ ಮಕ್ಕಳ ಮಾತಿನಲ್ಲಿ ಲೆವೆಲ್ಲು. ಹೀಗೆ ಸಿಕ್ಕಿಬಿದ್ದವರಿಗೆ ಆಟದಲ್ಲೇ ಒಂದು ಪರಿಹಾರವನ್ನು ಇಟ್ಟಿದ್ದಾರೆ: ಅರ್ಧ ನಿಮಿಷ ಒಂದು ಜಾಹೀರಾತನ್ನು ನೋಡಿದರೆ, ಇಲ್ಲವೇ ಒಂದಿಷ್ಟು ಹಣ ತೆತ್ತರೆ, ಹೆಚ್ಚಿನ ಒಂದು ಬರಿದು ನಳಿಗೆ ದೊರೆಯುತ್ತದೆ. "ತಾತ, ಇದು ಹಾಗೆ ಆಗಲ್ಲ. ಒಂದು ಟ್ಯೂಬ್ ತಗೊಳ್ಳಲೇಬೇಕು ಅಂತಾನೇ ಮಾಡಿದಾರೆ. ಅಮ್ಮನಿಗೆ ಹೇಳು, ದುಡ್ಡು ಕಟ್ಟಲಿ" ಎಂದಳು. ಮಗಳ ಮುಖ ನೋಡಿದರೆ ಅವಳು ಕಟ್ಟಿಬಿಡುವ ಹಾಗೆಯೇ ಇದ್ದಳು. ನಾನು ತಡೆದೆ. ಹೆಚ್ಚಿನ ನಳಿಗೆಯಿಲ್ಲದೆ ನಾಳೆ ಬೆಳಿಗ್ಗೆಯೊಳಗೆ ಬಿಡಿಸಿಕೊಡುತ್ತೇನೆ, ಬಿಡಿಸಲಾಗದಿದ್ದರೆ ಹಣವನ್ನು ನಾನೇ ಕೊಡುತ್ತೇನೆ ಎಂದುಬಿಟ್ಟೆ.

ಇಷ್ಟು ಧೈರ್ಯ ಬಂದದ್ದಕ್ಕೆ ಕಾರಣ ಬಾಲ್ಯದಲ್ಲಿ ಕಲಿತ ಒಂದು ಲೆಕ್ಕ. ಎಂಟು ಸೇರಿನ ಪಾತ್ರೆಯ ತುಂಬ ಎಣ್ಣೆಯಿದೆ. ಐದು ಸೇರಿನದು ಒಂದು, ಮೂರು ಸೇರಿನದು ಒಂದು ಬರಿಯ ಪಾತ್ರೆಗಳಿವೆ. ಬೇರೆ ಅಳತೆಯಿಲ್ಲದೆ ಎಣ್ಣೆಯನ್ನು ನಾಲ್ಕು ನಾಲ್ಕು ಸೇರಾಗಿ ಪಾಲು ಮಾಡಬೇಕು. ಬಹಳ ಹಳೆಯ ಸಮಸ್ಯೆ. ಯುರೋಪಿನಲ್ಲಿ 13ನೆಯ ಶತಮಾನದ ಬರಹದಲ್ಲಿಯೇ ಇದು ಕಾಣಿಸಿಕೊಂಡಿತ್ತು. 16ನೆಯ ಶತಮಾನದ ಇಟಲಿಯ ಗಣಿತಜ್ಞ ತಾರ್ತಾಲಿಯನ ಹೆಸರಿನೊಡನೆಯೂ ಸೇರಿಕೊಂಡಿದೆ. ಐದರದನ್ನು ತುಂಬಿ, ಅದರಿಂದ ಮೂರರದನ್ನು ತುಂಬಿ, ಮೂರರದನ್ನು ಮತ್ತೆ ಎಂಟರದಕ್ಕೆ ಸುರಿದು ಎಂದು ಮುಂದುವರಿದರೆ ಏಳು ಸಲ ಸುರಿಯುವಷ್ಟರಲ್ಲಿ ಪಾಲು ಆಗುತ್ತದೆ. ಈ ಲೆಕ್ಕದಲ್ಲಿ ಒಂದು ಅಭಯವಿದೆ, ಅದನ್ನು ನಾನು ಅಂದು ಗಮನಿಸಿರಲಿಲ್ಲ. ಎಲ್ಲಿ ದಾರಿ ತಪ್ಪಿದರೂ ಎಣ್ಣೆಯನ್ನೆಲ್ಲ ದೊಡ್ಡ ಪಾತ್ರೆಗೆ ಮರಳಿ ಸುರಿದು ಮೊದಲಿನಿಂದ ಆರಂಭಿಸಬಹುದು. ಎಣ್ಣೆಗೆ ಎಣ್ಣೆ ಶತ್ರುವಲ್ಲ. ಬಣ್ಣದ ನೀರಿನಲ್ಲಿ ಹಾಗಿಲ್ಲ. ನೀಲಿಯ ಮೇಲಿದ್ದ ಹಳದಿಯನ್ನು ಒಮ್ಮೆ ಬೇರೆ ಕಡೆ ಸುರಿದೆವೆಂದರೆ ಅದನ್ನು ಮತ್ತೆ ಆ ನೀಲಿಯ ಮೇಲೆ ಸುರಿಯಲು ನಿಯಮ ಒಪ್ಪುವುದಿಲ್ಲ. ಮೊದಲಿನಿಂದ ಆಡಲು ಒಂದು ಗುಂಡಿಯೇನೋ ಇದೆ. ಅದನ್ನು ಒತ್ತುವುದು ಸುರಿಯುವುದಲ್ಲ, ಸೋಲನ್ನು ಒಪ್ಪಿಕೊಂಡು ಎದ್ದುಹೋಗಿ ಮತ್ತೆ ಬಂದು ಕೂಡುವುದು.

ಇನ್ನು ಆ ಘಟ್ಟ. ನಾಲ್ಕೇ ನಳಿಗೆಗಳು, ಮೂರೇ ಬಣ್ಣಗಳು. ನೋಡಿದರೆ ನಗು ಬರುವಷ್ಟು ಚಿಕ್ಕದು. ಒಂದನೆಯ ನಳಿಗೆಯ ತಳದಲ್ಲಿ ಎರಡು ಪಾಲು ನೀಲಿ, ಅದರ ಮೇಲೆ ಒಂದು ಹಳದಿ, ಎಲ್ಲಕ್ಕೂ ಮೇಲೆ ಒಂದು ಕೆಂಪು, ನಳಿಗೆ ತುಂಬಿದೆ. ಎರಡನೆಯದರ ತಳದಲ್ಲಿ ಒಂದು ಕೆಂಪು, ನಡುವೆ ಎರಡು ನೀಲಿ, ಮೇಲೆ ಮತ್ತೊಂದು ಕೆಂಪು, ಅದೂ ತುಂಬಿದೆ. ಮೂರನೆಯದರಲ್ಲಿ ಎರಡು ಹಳದಿ, ಮೇಲೆ ಒಂದು ಕೆಂಪು, ಅದರ ಮೇಲೆ ಒಂದು ಪಾಲಿನಷ್ಟು ಜಾಗ. ನಾಲ್ಕನೆಯದರಲ್ಲಿ ತಳದಲ್ಲಿ ಒಂದೇ ಒಂದು ಪಾಲು ಹಳದಿ, ಮೇಲೆಲ್ಲ ಜಾಗ. ಬರಿದು ನಳಿಗೆಯನ್ನು ಕೊಟ್ಟೇ ಇರಲಿಲ್ಲ.

ಮೊದಲ ಹೆಜ್ಜೆಯಲ್ಲಿ ಆಯ್ಕೆ ಎರಡೇ. ಮೂರನೆಯದರ ಮೇಲಿರುವ ಕೆಂಪಿಗೆ ಇನ್ನೊಂದು ಕೆಂಪನ್ನು ಸೇರಿಸಬಹುದು. ಅದನ್ನು ಒಂದನೆಯದರಿಂದ ತರುವುದೋ, ಎರಡನೆಯದರಿಂದ ತರುವುದೋ? ಎರಡನೆಯದರಿಂದ ತಂದರೆ ಆಟ ಅಲ್ಲಿಗೇ ಮುಗಿಯಿತು. ಅಲ್ಲಿ ಬಾಯಿಗೆ ಬರುವುದು ನೀಲಿ. ನೀಲಿಯನ್ನು ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಹೀಗೆ ಒಂದು ಸಲ ಕೆಟ್ಟು, ಎರಡನೆಯ ಸಲ ಒಂದನೆಯದರ ಕೆಂಪನ್ನು ಮೂರನೆಯದಕ್ಕೆ ಸುರಿದೆ. ಆಗ ಒಂದನೆಯದರ ಬಾಯಿಗೆ ಹಳದಿ ಬಂತು. ನಾಲ್ಕನೆಯದರಲ್ಲಿಯೂ ಹಳದಿಯೇ ಕಾದಿದೆ, ಮೂರು ಪಾಲು ಜಾಗವೂ ಇದೆ. ಇನ್ನು ಯೋಚಿಸುವುದೇನಿದೆ? ಸುರಿದೆ. ಹಳದಿಗೆ ಹಳದಿ ಸೇರಿತು. ಒಂದನೆಯದರಲ್ಲಿ ನೀಲಿ ಮಾತ್ರ ಉಳಿದು ನಳಿಗೆ ಶುದ್ಧವಾಯಿತು, ನಾಲ್ಕನೆಯದು ಹಳದಿ ಮಾತ್ರವಾಗಿ ಅದೂ ಶುದ್ಧವಾಯಿತು. ಆಟ ಗೆದ್ದೆನೆಂದೇ ತಿಳಿದೆ.

ಆಮೇಲೆ ಕೈ ನಿಂತಿತು. ಎರಡನೆಯ ನಳಿಗೆಯ ಬಾಯಲ್ಲಿ ಕೆಂಪು, ಮೂರನೆಯದರ ಬಾಯಲ್ಲಿಯೂ ಕೆಂಪು. ಎರಡೂ ಕಂಠದವರೆಗೆ ತುಂಬಿವೆ. ಒಂದನೆಯದರಲ್ಲಿ ಎರಡು ಪಾಲು ಜಾಗವಿದೆ, ಆದರೆ ಅದು ನೀಲಿಯನ್ನು ಮಾತ್ರ ಒಪ್ಪುತ್ತದೆ. ನಾಲ್ಕನೆಯದರಲ್ಲಿಯೂ ಎರಡು ಪಾಲು ಜಾಗವಿದೆ, ಅದು ಹಳದಿಯನ್ನು ಮಾತ್ರ ಒಪ್ಪುತ್ತದೆ. ನೀಲಿ ಕೆಂಪಿನ ಕೆಳಗೆ, ಹಳದಿಯೂ ಕೆಂಪಿನ ಕೆಳಗೆ. ಮೊಮ್ಮಗಳು ಎರಡು ದಿನ ಬಂದು ಮುಟ್ಟಿದ್ದ ಗೋಡೆ ಇದೇ. ಅಷ್ಟು ಅಚ್ಚುಕಟ್ಟಾಗಿ ಕಾಣುವ ಸ್ಥಿತಿ ಹೀಗೆ ಪೂರ್ತಿ ಸತ್ತುಹೋಗಿರುವುದೆಂದು ಒಪ್ಪಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು. ಮೊದಲಿನಿಂದ ಆಡಿದೆ, ಅಲ್ಲಿಗೇ ಬಂದೆ. ಮತ್ತೆ ಆಡಿದೆ, ಮತ್ತೆ ಅಲ್ಲಿಗೇ.

ರಾತ್ರಿ ಹನ್ನೊಂದಾಗಿತ್ತು. ಹುಡುಗಿ ಹೇಳಿದ್ದೇ ನಿಜವಿರಬಹುದೆ ಎಂಬ ಸಂಶಯ ಹುಟ್ಟಿತು. ಹೆಚ್ಚಿನ ನಳಿಗೆಯನ್ನು ಮಾರುವುದಕ್ಕಾಗಿಯೇ ಬಿಡಿಸಲಾಗದ ಘಟ್ಟವೊಂದನ್ನು ನಡುವೆ ತುರುಕಿದ್ದರೆ? ಹೊರಗಿನಿಂದ ನೋಡಿ ಅದನ್ನು ತಿಳಿಯುವ ಬಗೆ ಯಾವುದು? ಈ ಪ್ರಶ್ನೆ ನಾವು ಎಣಿಸುವಷ್ಟು ಎಳಸಾದದ್ದಲ್ಲ. 2022ರಲ್ಲಿ ಜಪಾನಿನ ಗಣಕವಿಜ್ಞಾನಿಗಳ ತಂಡವೊಂದು ಇದನ್ನೇ ಎತ್ತಿಕೊಂಡು ಒಂದು ಪ್ರಬಂಧವನ್ನು ಮಂಡಿಸಿತು. ಇಂಥ ನಳಿಗೆಗಳ ಜೋಡಣೆಯನ್ನು ಕೊಟ್ಟರೆ ಅದು ಬಿಡಿಸಲು ಬರುವಂಥದೋ ಅಲ್ಲವೋ ಎಂದು ನಿರ್ಣಯಿಸುವ ಸಮಸ್ಯೆ, ಗಣಕಶಾಸ್ತ್ರದಲ್ಲಿ ಎನ್‌ಪಿ-ಕಂಪ್ಲೀಟ್ ಎಂದು ಕರೆಯುವ ಕಠಿಣ ಸಮಸ್ಯೆಗಳ ಗುಂಪಿಗೆ ಸೇರಿದ್ದೆಂದು ಅವರು ಸಾಧಿಸಿ ತೋರಿಸಿದರು. ನೀರಿನ ಬದಲು ಬಣ್ಣದ ಚೆಂಡುಗಳನ್ನು ಒಂದೊಂದಾಗಿ ಎತ್ತಿಡುವ ಆಟವೂ ಇದೆ. ನೀರಿನಲ್ಲಿ ಬಿಡಿಸಬರುವುದು ಚೆಂಡಿನಲ್ಲಿಯೂ ಬಿಡಿಸಬರುತ್ತದೆ, ಚೆಂಡಿನಲ್ಲಿ ಬರುವುದು ನೀರಿನಲ್ಲಿಯೂ ಬರುತ್ತದೆ ಎಂಬುದು ಅವರ ಮತ್ತೊಂದು ಫಲಿತಾಂಶ.

ಎನ್‌ಪಿ-ಕಂಪ್ಲೀಟ್ ಎಂದರೆ ಏನೆಂದು ಸ್ಥೂಲವಾಗಿ ಹೇಳಬಹುದು. ಬಿಡಿಸಿದವರು ಬಂದು ಹೀಗೆ ಹೀಗೆ ಸುರಿದೆನೆಂದು ಹೇಳಿದರೆ ಅದು ಸರಿಯೇ ಎಂದು ನೋಡುವುದು ಸುಲಭ. ಆದರೆ ನಳಿಗೆಗಳು ಹೆಚ್ಚುತ್ತ ಹೋದಂತೆ, ಎಲ್ಲ ಜೋಡಣೆಗಳಿಗೂ ಸಲ್ಲುವ, ಬೇಗ ಉತ್ತರ ಕೊಡುವ ಒಂದು ಕ್ರಮ ಯಾರಿಗೂ ತಿಳಿದಿಲ್ಲ. ಅಂಥ ಕ್ರಮ ಇದೆಯೇ, ಇರಲಾರದೆ ಎಂಬ ಪ್ರಶ್ನೆ 1971ರಲ್ಲಿ ಸ್ಟೀಫನ್ ಕುಕ್ ಅವರ ಪ್ರಬಂಧದಿಂದ ಸ್ಪಷ್ಟ ರೂಪ ತಳೆಯಿತು. 2000ದಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆ ಅದಕ್ಕೆ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ಸಾರಿತು. ಬಹುಮಾನ ಇನ್ನೂ ಯಾರ ಪಾಲಿಗೂ ಹೋಗಿಲ್ಲ. ಇದನ್ನೆಲ್ಲ ನೆನೆದು ನನಗೆ ಸಮಾಧಾನವಾಯಿತೆಂದು ಹೇಳಲಾರೆ. ನನ್ನೆದುರಿಗಿದ್ದದ್ದು ನಾಲ್ಕೇ ನಳಿಗೆ. ಕಠಿಣವೆಂಬುದು ದೊಡ್ಡ ಜೋಡಣೆಗಳ ಮಾತು. ನಾಲ್ಕು ನಳಿಗೆಯ ಮುಂದೆ ಕುಳಿತು ಆ ಪ್ರಬಂಧದ ಮರೆಯಲ್ಲಿ ಅಡಗಿಕೊಳ್ಳುವುದು ನಾಚಿಕೆಗೇಡು. ಆದರೂ ನಿಜ ಹೇಳುತ್ತೇನೆ, ಜಾಹೀರಾತಿನ ಗುಂಡಿಯ ಮೇಲೆ ಒಮ್ಮೆ ಬೆರಳಿಟ್ಟಿದ್ದೆ. ಅರ್ಧ ನಿಮಿಷದ ಜಾಹೀರಾತನ್ನು ಯಾರೂ ನೋಡುತ್ತಿರಲಿಲ್ಲ, ಮನೆಯವರೆಲ್ಲ ಮಲಗಿದ್ದರು.

ಬೆರಳು ತೆಗೆದು ಕಾಗದ ತೆಗೆದುಕೊಂಡೆ. ಬಣ್ಣಗಳನ್ನು ಬರೆಯುವ ಬದಲು ಒಂದೊಂದು ನಳಿಗೆಯಲ್ಲಿ ಜಾಗವೆಷ್ಟಿದೆ ಎಂದು ಬರೆದೆ. ಆರಂಭದಲ್ಲಿ ಸೊನ್ನೆ, ಸೊನ್ನೆ, ಒಂದು, ಮೂರು. ಒಟ್ಟು ನಾಲ್ಕು. ಸತ್ತ ಸ್ಥಿತಿಯಲ್ಲಿ ಎರಡು, ಸೊನ್ನೆ, ಸೊನ್ನೆ, ಎರಡು. ಅದೂ ನಾಲ್ಕೇ. ನೀರು ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ. ಆದ್ದರಿಂದ ಜಾಗವೂ ಎಂದೆಂದಿಗೂ ನಾಲ್ಕೇ ಪಾಲು. ಹಾಗಾದರೆ ನನಗೆ ಕೊರತೆಯಾದದ್ದು ಜಾಗವಲ್ಲ. ಎರಡು ಕಡೆ ಹಂಚಿಹೋದ ನಾಲ್ಕು ಪಾಲು ಜಾಗ ತನ್ನ ತಳದ ಬಣ್ಣಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ. ಅದೇ ನಾಲ್ಕು ಪಾಲು ಒಂದೇ ನಳಿಗೆಯಲ್ಲಿ ಕೂಡಿದರೆ ಯಾವ ಬಣ್ಣ ಬಂದರೂ ಒಳಗೆ ಬಿಡುತ್ತದೆ. ನಾನು ಅಷ್ಟು ಹೊತ್ತೂ ಬಣ್ಣಗಳನ್ನು ಕೂಡಿಸಲು ಹೆಣಗುತ್ತಿದ್ದೆ. ಜಾಗವನ್ನು ಕೂಡಿಸಬೇಕೆಂದು ತೋಚಿರಲಿಲ್ಲ.

ಈ ಕಣ್ಣಿನಿಂದ ನೋಡಿದೊಡನೆ ತಪ್ಪು ನಡೆದ ಜಾಗ ಕಂಡಿತು. ಒಂದನೆಯದರ ಕೆಂಪನ್ನು ಮೂರನೆಯದಕ್ಕೆ ಸುರಿದ ಮೇಲೆ, ಒಂದನೆಯದರ ಬಾಯಲ್ಲಿ ಹಳದಿ, ನಾಲ್ಕನೆಯದರಲ್ಲಿ ಹಳದಿ. ಎರಡು ಹಳದಿಗಳನ್ನು ಸೇರಿಸುವುದು ಸರಿಯೇ. ಆದರೆ ಯಾವುದನ್ನು ಯಾವುದರ ಬಳಿಗೆ ಒಯ್ಯಬೇಕು? ಜಾಗ ಹೆಚ್ಚಿರುವ ಕಡೆಗೆ ಸುರಿಯುವುದು ಕೈಗೆ ಬಂದ ಅಭ್ಯಾಸ. ತುಂಬಿದ್ದರಿಂದ ಖಾಲಿಯಿರುವುದಕ್ಕೆ ಸುರಿಯುತ್ತೇವೆಯೇ ಹೊರತು, ಅರೆಬರಿದಾದ ನಳಿಗೆಯನ್ನು ಬಗ್ಗಿಸಿ, ಮುಕ್ಕಾಲು ತುಂಬಿದ, ಅದೂ ತಳದಲ್ಲಿ ಬೇರೆ ಬಣ್ಣವಿರುವ ನಳಿಗೆಗೆ ಸುರಿಯಲು ಕೈ ಏಳುವುದಿಲ್ಲ. ಮಾಡಬೇಕಾದದ್ದು ಅದೇ. ನಾಲ್ಕನೆಯದರ ಒಂಟಿ ಹಳದಿಯನ್ನು ಒಂದನೆಯದಕ್ಕೆ ಸುರಿದೆ. ಅದು ಕಂಠದವರೆಗೆ ತುಂಬಿತು. ನೀಲಿ ಇನ್ನಷ್ಟು ಆಳಕ್ಕೆ ಹೋದಂತೆ ಕಂಡಿತು. ನಾಲ್ಕನೆಯ ನಳಿಗೆ ಬರಿದಾಯಿತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಮೂರನೆಯದರ ಎರಡು ಕೆಂಪನ್ನು ಬರಿದಾದ ನಾಲ್ಕನೆಯದಕ್ಕೆ ಸುರಿದರೆ ಅಲ್ಲಿ ಎರಡು ಹಳದಿ ಹೊರಬಂದವು. ಒಂದನೆಯದರ ಎರಡು ಹಳದಿ ಅದರ ಮೇಲೆ ಬಿದ್ದು ಹಳದಿ ಮನೆ ಸೇರಿತು. ಎರಡನೆಯದರ ಮೇಲಿನ ಕೆಂಪು ನಾಲ್ಕನೆಯದಕ್ಕೆ ಹೋಯಿತು. ಅದರ ಕೆಳಗಿನ ಎರಡು ನೀಲಿ ಒಂದನೆಯದರ ಎರಡು ನೀಲಿಯನ್ನು ಸೇರಿತು. ತಳದಲ್ಲಿ ಉಳಿದ ಕೊನೆಯ ಕೆಂಪು ತನ್ನವರನ್ನು ಸೇರಿಕೊಂಡಿತು. ಎಣಿಸಿದರೆ ಒಟ್ಟು ಏಳು ಸಲ ಸುರಿದಿದ್ದೆ, ಎಣ್ಣೆಯ ಲೆಕ್ಕದಲ್ಲಿ ಹೇಗೋ ಹಾಗೆಯೇ. ಆದರೆ ಇದು ಬರಿಯ ಆಕಸ್ಮಿಕ. ಎರಡನೆಯ ಸಲದ ಸುರಿಯುವಿಕೆಯೊಂದನ್ನು ಬಿಟ್ಟರೆ ಉಳಿದ ಆರರಲ್ಲಿ ಯಾವುದಕ್ಕೂ ಬುದ್ಧಿ ಬೇಕಾಗಿರಲಿಲ್ಲ. ಅದೊಂದರಲ್ಲಿಯೂ ಬಣ್ಣ ಅದೇ, ನಳಿಗೆಗಳೂ ಅವೇ ಎರಡು, ಬದಲಾದದ್ದು ದಿಕ್ಕು.

ಇದನ್ನು ಎಲ್ಲ ಘಟ್ಟಗಳಿಗೂ ಸಲ್ಲುವ ಸೂತ್ರವೆಂದು ಯಾರೂ ಬರೆದಿಟ್ಟುಕೊಳ್ಳಬಾರದು. ಜಾಗವನ್ನು ಒಂದೆಡೆ ಕೂಡಿಸಹೋಗಿ ಕೆಟ್ಟ ಘಟ್ಟಗಳನ್ನೂ ಆಮೇಲೆ ನಾನು ಕಂಡಿದ್ದೇನೆ. ಅವಸರದಿಂದ ಬರಿದು ಮಾಡಿದ ನಳಿಗೆಗೆ ಬೇಡದ ಬಣ್ಣವೊಂದು ಬಂದು ಕುಳಿತು, ಕೊನೆಯವರೆಗೂ ಏಳದೆ ಹೋದದ್ದೂ ಉಂಟು. ಎಲ್ಲಕ್ಕೂ ಒಂದೇ ಸೂತ್ರವಿದ್ದಿದ್ದರೆ ಹತ್ತು ಲಕ್ಷ ಡಾಲರು ಹಾಗೆಯೇ ಉಳಿದಿರುತ್ತಿರಲಿಲ್ಲ.

ಬೆಳಿಗ್ಗೆ ಮೊಮ್ಮಗಳು ಎದ್ದು ಬಂದಾಗ ಬಿಡಿಸಿದ ಆಟವನ್ನು ತೋರಿಸಲಿಲ್ಲ. ಮೊದಲಿನಿಂದ ಆರಂಭಿಸಿ, ಒಂದನೆಯದರ ಕೆಂಪನ್ನು ಮಾತ್ರ ಮೂರನೆಯದಕ್ಕೆ ಸುರಿದು, ಅಲ್ಲಿಗೆ ನಿಲ್ಲಿಸಿ ಅವಳ ಕೈಗೆ ಕೊಟ್ಟೆ. "ಇಲ್ಲಿಂದ ಆಗುತ್ತೆ ಪುಟ್ಟಿ" ಎಂದೆ. ಅವಳು ನಂಬಲಿಲ್ಲ; "ಇಲ್ಲಿಗೆ ನಾನೂ ಬಂದಿದ್ದೆ ತಾತ" ಎಂದು ಹಳದಿಯನ್ನು ನಾಲ್ಕನೆಯದಕ್ಕೆ ಸುರಿದು ಗೋಡೆಯನ್ನು ಮುಟ್ಟಿ ತೋರಿಸಿದಳು. ನಾನು ಕಾಫಿ ಕುಡಿಯುತ್ತ ಸುಮ್ಮನಿದ್ದೆ. ಸುಮ್ಮನಿರುವುದು ಬಿಡಿಸುವುದಕ್ಕಿಂತ ಕಷ್ಟವಾಗಿತ್ತು. ಅವಳು ಮೂರು ಸಲ ಆಡಿದಳು. ನಾಲ್ಕನೆಯ ಸಲ ಹಳದಿಯ ಹತ್ತಿರ ಬಂದು ಬೆರಳು ನಿಲ್ಲಿಸಿ, ಎರಡು ನಳಿಗೆಗಳನ್ನೂ ಬಹಳ ಹೊತ್ತು ನೋಡಿ, ನಾಲ್ಕನೆಯದನ್ನು ಬಗ್ಗಿಸಿದಳು.

ಆಟ ಮುಗಿದು ತೆರೆಯ ಮೇಲೆ ಮತಾಪು ಹಾರುತ್ತಿದ್ದಾಗ ನನ್ನ ಕಡೆ ತಿರುಗಿ, "ನೀನು ಇದನ್ನ ರಾತ್ರಿ ಎಷ್ಟು ಹೊತ್ತಿಗೆ ಮಾಡಿದೆ?" ಎಂದು ಕೇಳಿದಳು. ಹನ್ನೆರಡೂವರೆ ಎಂದೆ. ಅಷ್ಟರಲ್ಲಿ ಹೊಸ ಘಟ್ಟ ಬಂದಿತ್ತು: ಒಂಬತ್ತು ಬಣ್ಣಗಳು, ಎರಡು ಬರಿದು ನಳಿಗೆಗಳು. ಫೋನನ್ನು ಎತ್ತಿಕೊಂಡು ಜಗಲಿಗೆ ಹೋದಳು.