ಯೋ-ಯೋ ಆಟಿಕೆ: ಮರ, ಅಚ್ಚು, ಹುರಿ
(ಯುವಕ ಸಂಘದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬಿತ್ತನೆ ಬೀಜ, ಗೊಬ್ಬರ, ಹುಳುವಿನ ಔಷಧಿ ಇವುಗಳ ವಿಚಾರವಾಗಿ ನಿಮ್ಮ ಮುಂದೆ ನಿಂತು ಮಾತನಾಡುವುದು ನನ್ನ ರೂಢಿ. ಇಂದು ಮಕ್ಕಳ ಆಟಿಕೆಯೊಂದರ ವಿಚಾರ ಹೇಳಲು ನಿಂತಿದ್ದೇನೆ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ಕಾಣುತ್ತಿದೆ. ನಗುವುದಕ್ಕೆ ಕಾರಣವೂ ಉಂಟು. ಜಾತ್ರೆಯಲ್ಲಿ ಆದ ಕಥೆ ತಮಗೆಲ್ಲ ಗೊತ್ತೇ ಇದೆ. ಗೊತ್ತಿಲ್ಲದ ಪಕ್ಕದ ಊರಿನವರಿಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಸುಗ್ಗಿ ಮುಗಿದ ಮೇಲಿನ ಬಿಡುವಿನಲ್ಲಿ ಏನಾದರೂ ಉಪಕಸುಬು ಮಾಡೋಣವೆಂದು ನಮ್ಮ ಯುವಕ ಸಂಘದ 24 ಮಂದಿ ತಲಾ 100 ರೂಪಾಯಿ ಹಾಕಿ 2,400 ರೂಪಾಯಿ ಕೂಡಿಸಿದರು. ಯೋ-ಯೋ ಮಾಡಿ ಜಾತ್ರೆಯಲ್ಲಿ ಮಾರೋಣವೆಂದು ಸಲಹೆ ಕೊಟ್ಟವನು ನಾನು. ದಾರ ಸುತ್ತಿ ಕೆಳಕ್ಕೆ ಬಿಟ್ಟರೆ ಗಿರ್ರೆಂದು ಇಳಿದು, ತಾನೇ ಮೇಲಕ್ಕೆ ಹತ್ತಿ ಕೈಗೆ ಬರುವ ಜೋಡಿ ಬಿಲ್ಲೆಯ ಆಟಿಕೆ ಅದು. ರಸ್ತೆ ಅಗಲ ಮಾಡಲು ಕಡಿದಿದ್ದ ಬೇವಿನ ಕೊಂಬೆಗಳನ್ನು ತಂದೆವು. ಲೇತ್ ಇರುವವರಲ್ಲಿ ಕಡೆಸಿದೆವು. ಯಾರದೋ ಅಟ್ಟದ ಮೇಲೆ ಉಳಿದಿದ್ದ, ಬಾಗಿಲಿಗೆ ಬಳಿಯುವ ಕೆಂಪು ಹಳದಿ ಬಣ್ಣದ ಹಳೆಯ ಡಬ್ಬಿಗಳನ್ನು ತಂದು ಬಳಿದೆವು. ಗಟ್ಟಿಯಾಗಿರಲೆಂದು ನೈಲಾನ್ ದಾರ ಕಟ್ಟಿದೆವು. 80 ಆಟಿಕೆಗಳು, ಒಂದಕ್ಕೆ 40 ರೂಪಾಯಿಯಂತೆ, ತೇರಿನ ದಿನ ಸಂಜೆಯೊಳಗೆ ಖರ್ಚಾದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವುಗಳಲ್ಲಿ 47 ಮರಳಿ ಬಂದವು. ಹಣ ಹಿಂತಿರುಗಿಸಿದೆವು. ಬಂದ 3,200ರಲ್ಲಿ 1,880 ಹೋಗಿ, ಈಗ ಉಳಿದಿರುವುದು 1,320 ರೂಪಾಯಿ.

ತಪ್ಪು ಹುಡುಗರದಲ್ಲ, ನನ್ನದು. ಆ ತಪ್ಪು ಎಲ್ಲೆಲ್ಲಿ ಆಯಿತೆಂದು ತಿಳಿಯಲು ಕೆಟ್ಟ ಆಟಿಕೆಗಳಲ್ಲಿ ನಾಲ್ಕನ್ನು ಚೀಲಕ್ಕೆ ಹಾಕಿಕೊಂಡು ಚನ್ನಪಟ್ಟಣಕ್ಕೆ ಹೋಗಿ, ಕಡೆತದ ಕೆಲಸ ಮಾಡುವ ಹಿರಿಯರೊಬ್ಬರ ಅಂಗಳದಲ್ಲಿ ಎರಡು ದಿನ ಕುಳಿತು ಬಂದೆ. ಅಲ್ಲಿ ಕಂಡದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಈ ಆಟಿಕೆಯಲ್ಲಿ ಇರುವುದು ಮೂರೇ ವಸ್ತು: ಎರಡು ಬಿಲ್ಲೆ, ನಡುವೆ ಒಂದು ಅಚ್ಚು, ಅದಕ್ಕೊಂದು ಹುರಿ. ಬಂಡಿಯ ಚಕ್ರಗಳನ್ನೂ ಅಚ್ಚನ್ನೂ ಬಲ್ಲ ನಿಮಗೆ ಇದು ಹೊಸದಲ್ಲ. ಕೈಯಿಂದ ಬಿಟ್ಟಾಗ ಸುತ್ತಿದ ಹುರಿ ಬಿಚ್ಚುತ್ತ ಹೋಗಿ ಬಿಲ್ಲೆಗಳಿಗೆ ತಿರುಗುವ ವೇಗ ಬರುತ್ತದೆ. ಕೆಳಗೆ ತಲುಪಿದಾಗ ಆ ವೇಗವೇ ಹುರಿಯನ್ನು ಮತ್ತೆ ಸುತ್ತಿಕೊಂಡು ಮೇಲಕ್ಕೆ ಏರುತ್ತದೆ. ತಿರುಗುವ ಬಲ ಹೆಚ್ಚು ಹೊತ್ತು ಉಳಿಯಬೇಕಾದರೆ ಬಿಲ್ಲೆಯ ಭಾರ ನಡುವಿನಲ್ಲಿರದೆ ಅಂಚಿನಲ್ಲಿರಬೇಕು. ಆದುದರಿಂದಲೇ ಒಳ್ಳೆಯ ಕೆಲಸಗಾರರು ಬಿಲ್ಲೆಯ ಹೊರ ಮೈಯನ್ನು ನಡುವೆ ತಟ್ಟೆಯಂತೆ ತುಸು ತೋಡಿ, ಅಂಚನ್ನು ದಪ್ಪಗೆ ಬಿಡುತ್ತಾರೆ. ನಾವು ಮಾಡಿಸಿದ್ದು ಇದಕ್ಕೆ ತಿರುಗಾಮುರುಗ. ನಡುವೆ ಗುಬ್ಬಿಯ ಹೊಟ್ಟೆಯಂತೆ ಉಬ್ಬಿಸಿ, ಅಂಚನ್ನು ತೆಳ್ಳಗೆ ಮಾಡಿಸಿದ್ದೆವು. ನೋಡಲು ಚೆಂದವಾಗಿತ್ತು, ಅಷ್ಟೇ.

ಅಳತೆಯನ್ನು ಬರೆದುಕೊಳ್ಳುವವರು ಬರೆದುಕೊಳ್ಳಿ. ಬಿಲ್ಲೆಯ ಅಡ್ಡಳತೆ 57 ಮಿಲಿಮೀಟರ್, ಅಂದರೆ ಎರಡೂಕಾಲು ಇಂಚು. ಎರಡೂ ಬಿಲ್ಲೆ ಸೇರಿ ಒಟ್ಟು ದಪ್ಪ ಸುಮಾರು 35 ಮಿಲಿಮೀಟರ್. ಅಚ್ಚು 8 ಮಿಲಿಮೀಟರ್ ದಪ್ಪ. ಬಿಲ್ಲೆಗಳ ನಡುವಿನ ಸಂದು 3 ಮಿಲಿಮೀಟರ್. ತೂಕ 50ರಿಂದ 60 ಗ್ರಾಂ. ಈ ಸಂದಿನ ಲೆಕ್ಕದಲ್ಲಿ ಉದಾಸೀನ ಕೂಡದು. ಸಂದು ಕಿರಿದಾದರೆ ಹುರಿ ಎರಡು ಕಡೆಯೂ ಉಜ್ಜಿ, ಆಟಿಕೆ ಅರ್ಧ ದಾರಿಯಲ್ಲೇ ಮುಗ್ಗರಿಸುತ್ತದೆ. ಅಗಲವಾದರೆ ಕೆಳಗೇ ತಿರುಗುತ್ತಿದ್ದು ಮೇಲೆ ಬರಲು ಒಪ್ಪುವುದಿಲ್ಲ.

ಇನ್ನು ಮರದ ವಿಚಾರ. ಭತ್ತವನ್ನು ಒಣಗಿಸದೆ ಕಣಜಕ್ಕೆ ಹಾಕಬಾರದೆಂದು ಹಳ್ಳಿ ಹಳ್ಳಿಗೂ ಹೇಳಿಕೊಂಡು ತಿರುಗುವ ನಾನು, ಕಡಿದು ನಾಲ್ಕು ದಿನವಾಗಿದ್ದ ಹಸಿ ಬೇವನ್ನು ಕಡೆಸಿದೆ! ಮರ ಒಣಗುವಾಗ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ. ಅಡ್ಡಕ್ಕೆ ಕುಗ್ಗುತ್ತದೆ, ಅದೂ ಎಲ್ಲ ಕಡೆಗೂ ಸಮನಾಗಿ ಅಲ್ಲ. ಆದ್ದರಿಂದ ಗುಂಡಗೆ ಕಡೆದ ಬಿಲ್ಲೆ ಒಣಗಿದ ಮೇಲೆ ಗುಂಡಗೆ ಉಳಿಯದು. ಅಚ್ಚಿನ ತೂತೂ ಸೊಟ್ಟಗಾಗುತ್ತದೆ. ಜಾತ್ರೆಯ ಬಿಸಿಲಿನಲ್ಲಿ ನಮ್ಮ ಆಟಿಕೆಗಳಿಗೆ ಆದದ್ದು ಇದೇ. ಕೆಲವು ಸೀಳಿದವು, ಕೆಲವು ಅಚ್ಚಿನಿಂದ ಕಳಚಿಕೊಂಡವು, ಉಳಿದವು ಕುಡಿದವನ ನಡಿಗೆಯಂತೆ ವಾಲಿದವು.

ವಾಲುವುದಕ್ಕೆ ಇನ್ನೊಂದು ಕಾರಣವನ್ನು ಆ ಹಿರಿಯರು ತೋರಿಸಿಕೊಟ್ಟರು. ಒಂದು ಬಿಲ್ಲೆ ಒಂದು ಕೊಂಬೆಯದು, ಮತ್ತೊಂದು ಬಿಲ್ಲೆ ಬೇರೆ ಕೊಂಬೆಯದು. ಎಳೆಯ ಹೋರಿಯನ್ನೂ ಮುದಿ ಎತ್ತನ್ನೂ ಒಂದೇ ನೊಗಕ್ಕೆ ಹೂಡಿದ ಹಾಗೆ ಆಯಿತೆಂದು ಅವರು ನಕ್ಕರು. ಜೋಡಿ ಬಿಲ್ಲೆಗಳನ್ನು ಒಂದೇ ತುಂಡಿನ ಅಕ್ಕಪಕ್ಕದಿಂದ ತೆಗೆದು, ತಕ್ಕಡಿಯಲ್ಲಿಟ್ಟು ಸರಿದೂಗಿಸಬೇಕು. ಒಂದೇ ಬಿಲ್ಲೆಯಲ್ಲಿಯೂ ಒಂದು ಪಕ್ಕ ಭಾರ, ಒಂದು ಪಕ್ಕ ಹಗುರ ಇರುವುದುಂಟು. ಅಂಥಲ್ಲಿ ಒಂದರ ಭಾರದ ಪಕ್ಕಕ್ಕೆ ಎದುರಾಗಿ ಮತ್ತೊಂದರ ಹಗುರದ ಪಕ್ಕ ಬರುವಂತೆ ತಿರುಗಿಸಿ ನೋಡಿ, ಆಮೇಲೆ ಅಂಟು ಹಾಕಬೇಕು. ಅಂಟು ಹಾಕುವ ಮೊದಲು ಎರಡು ಸಲ ಬಿಟ್ಟು ನೋಡಿದರೆ ನಷ್ಟವೇನೂ ಇಲ್ಲ.

ಚನ್ನಪಟ್ಟಣದವರು ತಮ್ಮ ಬೊಂಬೆಗಳಿಗೆ ತಲೆತಲಾಂತರದಿಂದ ಬಳಸಿಕೊಂಡು ಬಂದಿರುವುದು ಹಾಲೆ ಮರ. ಆಲೆ, ಬೆಪ್ಪಾಲೆ ಎಂದೂ ಕರೆಯುತ್ತಾರೆ. ಅಲ್ಲಿನ ಆಟಿಕೆಗಳಿಗೆ 2005-06ರಲ್ಲಿ ಭೌಗೋಳಿಕ ಗುರುತಿನ ನೋಂದಣಿಯೂ ಆಗಿದೆ. ಮರ ದಂತದಂತೆ ಬೆಳ್ಳಗೆ, ಎಳೆ ನಯ, ಭಾರ ಕಡಿಮೆ. ಉಳಿ ತಾಗಿಸಿದರೆ ಬೆಣ್ಣೆಯಂತೆ ಸುಲಿಯುತ್ತದೆ. ನಮ್ಮ ಬದುಗಳ ಮೇಲೆಯೂ ಕುರುಚಲು ಕಾಡಿನಲ್ಲಿಯೂ ಈ ಮರ ಇದೆ. ಕೊಡಸಿಗವನ್ನು ಕಂಡು ಇದೇ ಹಾಲೆ ಎಂದು ಮೋಸಹೋಗಬೇಡಿ. ಎರಡರಲ್ಲಿಯೂ ಹಾಲು ಬರುತ್ತದೆ, ಎರಡರಲ್ಲಿಯೂ ಕಾಯಿ ಜೋಡಿಯಾಗಿ ತೂಗುತ್ತದೆ. ಆದರೆ ಹಾಲೆಯ ಜೋಡಿ ಕಾಯಿಗಳು ಬಲಿಯುವತನಕ ತುದಿಯಲ್ಲಿ ಕೂಡಿಕೊಂಡಿರುತ್ತವೆ, ಕೊಡಸಿಗದವು ಬಿಡಿಬಿಡಿ. ಅಜ್ಜಿಯಂದಿರಿಗೆ ಇನ್ನೂ ಸುಲಭದ ಗುರುತು ಗೊತ್ತಿರಬಹುದು: ಹಾಲೆಯ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಬದುವಿನ ಹಾಲೆಯನ್ನು ಸೌದೆಗೆಂದು ಬುಡಸಹಿತ ಕೀಳಿಸುವವರಿಗೆ ಒಂದು ಮಾತು. ಬುಡ ಬಿಟ್ಟು ಕಡಿದರೆ ಅದು ಮತ್ತೆ ಚಿಗುರುತ್ತದೆ. ತೋಳಿನ ದಪ್ಪದ ಕೊಂಬೆ ನಮ್ಮ ಕೆಲಸಕ್ಕೆ ಸಾಕು. ಎಲೆ ಉದುರಿದ ಕಾಲದಲ್ಲಿ ಕಡಿದು, ತುಂಡು ಮಾಡಿ, ನೆರಳಿನಲ್ಲಿ ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, ಎರಡು ಮೂರು ತಿಂಗಳು ಒಣಗಿಸಬೇಕು. ಬಿಸಿಲಿನಲ್ಲಿ ಒಣಗಿಸಿದರೆ ತುದಿ ಸೀಳುತ್ತದೆ. ಗೋಮಾಳದ ಮರಕ್ಕೆ ಕೈಹಾಕಬೇಡಿ. ಸ್ವಂತ ಹೊಲದ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳುವುದು ಕ್ಷೇಮ. ಅಚ್ಚಿಗೆ ಮಾತ್ರ ಹಾಲೆ ಮೆತು. ನೇಗಿಲಿಗೆ ಉಪಯೋಗಿಸುವ ಕರಿಜಾಲಿಯ ತಿರುಳಿನಲ್ಲಿ ಅಚ್ಚು ಮಾಡಿ, ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡಿ. ಅದಕ್ಕೆ ಬಣ್ಣವಾಗಲಿ ಅರಗಾಗಲಿ ಬೇಡ. ಹುರಿ ಉಜ್ಜಿ ಅಚ್ಚು ಬಿಸಿಯಾದಾಗ ಅದು ಅಂಟಾಗಿ ಹುರಿಯನ್ನು ಹಿಡಿದುಕೊಳ್ಳುತ್ತದೆ.

ಹುರಿಯಲ್ಲಿಯೇ ಈ ಆಟಿಕೆಯ ಜೀವ ಇರುವುದು. ಯೋ-ಯೋ ಬಹಳ ಹಳೆಯದು. ಸುಮಾರು 2,500 ವರ್ಷಗಳ ಹಿಂದಿನ ಗ್ರೀಕರ ಮಣ್ಣಿನ ಪಾತ್ರೆಯೊಂದರ ಮೇಲೆ ಇದನ್ನು ಆಡುವ ಹುಡುಗನ ಚಿತ್ರವಿದೆ. ನಮ್ಮ ಉತ್ತರ ದೇಶದ ಹಳೆಯ ಕಿರುಚಿತ್ರಗಳಲ್ಲಿ ಹೆಂಗಸರು ಇದನ್ನು ಆಡುವುದು ಕಾಣುತ್ತದೆ. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಹಿಂದೆ ದಾರವನ್ನು ಅಚ್ಚಿಗೆ ಗಂಟು ಹಾಕುತ್ತಿದ್ದರು. ಗಂಟು ಹಾಕಿದ ಆಟಿಕೆ ಕೆಳಗೆ ತಲುಪಿದೊಡನೆ ಹಿಂತಿರುಗುತ್ತದೆ, ಬೇರೆ ಆಟ ಅದಕ್ಕೆ ಬಾರದು. ಫಿಲಿಪೈನ್ಸ್ ದೇಶದವರು ಗಂಟು ಹಾಕದೆ, ಹುರಿಯ ತುದಿಯನ್ನು ಕುಣಿಕೆ ಮಾಡಿ ಅಚ್ಚಿಗೆ ಸಡಿಲವಾಗಿ ತೊಡಿಸುತ್ತಿದ್ದರು. ಹಾಗೆ ಮಾಡಿದಾಗ ಆಟಿಕೆ ಕೆಳಗೆ ಕುಣಿಕೆಯೊಳಗೆ ನಿಂತಲ್ಲೇ ತಿರುಗುತ್ತಿರುತ್ತದೆ. ಬೆರಳಿನಿಂದ ಮೆಲ್ಲಗೆ ಎಳೆದರೆ ಹುರಿ ಅಚ್ಚನ್ನು ಹಿಡಿದು, ಆಟಿಕೆ ಮೇಲೇರುತ್ತದೆ. ಆ ದೇಶದಿಂದ ಅಮೆರಿಕಕ್ಕೆ ಹೋಗಿ ಹೋಟೆಲಿನಲ್ಲಿ ಸಾಮಾನು ಹೊರುವ ಕೆಲಸಕ್ಕಿದ್ದ ಪೆಡ್ರೊ ಫ್ಲೋರೆಸ್ ಎಂಬಾತ 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಥ ಯೋ-ಯೋಗಳನ್ನು ಮಾಡಿ ಮಾರಲು ತೊಡಗಿದ. ಸ್ವಲ್ಪ ಕಾಲದಲ್ಲಿ ಆ ಉದ್ಯಮವನ್ನು ಡಂಕನ್ ಎಂಬವರು ಕೊಂಡರು. ವಿಸ್ಕಾನ್ಸಿನ್ ರಾಜ್ಯದ ಲಕ್ ಎಂಬ ಸಣ್ಣ ಊರಿನಲ್ಲಿ, ಮೇಪಲ್ ಮರ ಸಿಗುವ ಸೀಮೆಯಲ್ಲಿ, 1946ರಲ್ಲಿ ಕಾರ್ಖಾನೆಯನ್ನೂ ತೆರೆದರು. ಅಲ್ಲಿಯೂ ಮರವಿದ್ದ ಕಡೆಗೇ ಕೆಲಸ ಬಂತು. ಆಮೇಲೆ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ, ಗುಂಡು ಬೇರಿಂಗು ಎಲ್ಲ ಬಂದವು. ಅದು ನಮ್ಮ ಕೈಗೆ ಎಟುಕುವ ಮಾತಲ್ಲ, ಬಿಡಿ.

ಮರದ ಅಚ್ಚಿಗೆ ಹತ್ತಿಯ ಹುರಿಯೇ ಬೇಕು. ನೈಲಾನ್ ಉಜ್ಜಿ ಬಿಸಿಯಾಗಿ ಕರಗುತ್ತದೆ. ಮರಳಿ ಬಂದ ಆಟಿಕೆಗಳ ಅಚ್ಚಿನ ಮೇಲೆ ಅದು ಹರಳಿನಂತೆ ಹೆಪ್ಪುಗಟ್ಟಿದ್ದನ್ನು ನಾನೇ ಉಗುರಿನಿಂದ ಕೆರೆದು ನೋಡಿದೆ. ಹತ್ತಿ ನೂಲಿನ ನಾಲ್ಕೈದು ಎಳೆಗಳನ್ನು ಬೇಕಾದ ಉದ್ದದ ಎರಡೂವರೆ ಪಟ್ಟು ತೆಗೆದು, ಒಂದು ತುದಿಯನ್ನು ಮೊಳೆಗೆ ಕಟ್ಟಿ, ಇನ್ನೊಂದು ತುದಿಯಿಂದ ಬಿಗಿಯಾಗಿ ಹೊಸೆಯಿರಿ. ಬಳಿಕ ಎರಡು ತುದಿಗಳನ್ನೂ ಒಂದುಗೂಡಿಸಿದರೆ ಅದು ತಾನಾಗಿಯೇ ತನ್ನ ಮೇಲೆ ಹೊಸೆದುಕೊಳ್ಳುತ್ತದೆ. ಮಡಿಚಿದ ತುದಿಯನ್ನು ಸ್ವಲ್ಪ ಹುರಿಬಿಚ್ಚಿ ಅಗಲಿಸಿದರೆ ಅದೇ ಕುಣಿಕೆ. ಹಗ್ಗ ಹೊಸೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಗುವನ್ನು ನಿಲ್ಲಿಸಿ, ನೆಲದಿಂದ ಹೊಕ್ಕುಳವರೆಗೆ ಅಳೆದು ಹುರಿ ಕತ್ತರಿಸಿ. ಆಡುತ್ತಾ ಆಡುತ್ತಾ ಹುರಿ ಬಿಗಿಯಾಗಿ ಆಟಿಕೆ ಕೆಳಗೆ ನಿಲ್ಲದಿದ್ದರೆ, ಅಥವಾ ಸಡಿಲಾಗಿ ಮೇಲೆ ಬಾರದಿದ್ದರೆ, ಹುರಿಯನ್ನು ಹಿಡಿದು ಆಟಿಕೆಯನ್ನು ತೂಗಬಿಡಿ. ಅದು ತಿರುಗಿ ತಿರುಗಿ ತಾನೇ ಸರಿಹೋಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮಾತ್ರ ಹುರಿ ಇರುವ ಆಟಿಕೆಯನ್ನು ಕೊಡಬೇಡಿ. ಕುತ್ತಿಗೆಗೆ ಸುತ್ತಿಕೊಂಡೀತು.

ಬಣ್ಣದ ಮಾತನ್ನು ಕಡೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಇಂದಿನ ಸಭೆ ಕರೆದದ್ದೇ ಅದಕ್ಕಾಗಿ. ಆಟಿಕೆ ಹಿಂದಕ್ಕೆ ತಂದ ತಾಯಿಯೊಬ್ಬರು, ತಮ್ಮ ಚಿಕ್ಕ ಮಗು ಅದರ ಹಳದಿ ಅಂಚನ್ನು ಚೀಪುತ್ತಿತ್ತೆಂದೂ ಬಾಯೆಲ್ಲ ಬಣ್ಣವಾಯಿತೆಂದೂ ಹೇಳಿದರು. ನನ್ನ ಕೈಕಾಲು ತಣ್ಣಗಾಯಿತು. ಹಳೆಯ ಎಣ್ಣೆ ಬಣ್ಣಗಳಲ್ಲಿ, ಅದರಲ್ಲಿಯೂ ಹಳದಿ ಕೆಂಪುಗಳಲ್ಲಿ, ಸೀಸ ಬೆರೆತಿರುವುದುಂಟು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ನಾವು ಬಳಿದ ಡಬ್ಬಿಗಳು ಅದಕ್ಕಿಂತ ಹಳೆಯವು. ಸೀಸ ಮಕ್ಕಳ ಮೆದುಳಿಗೆ ಕೆಡುಕು. ಹೊರಗೆ ಏನೂ ಕಾಣದೆಯೇ ಅದು ಹಾನಿ ಮಾಡುತ್ತದೆ. ಆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ ಬಂದಿದ್ದೇವೆ.

ಚನ್ನಪಟ್ಟಣದ ಕೆಲಸದ ಸೊಗಸು ಇಲ್ಲಿಯೇ ಇದೆ. ಅವರು ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಅರಗನ್ನು ಕಾಯಿಸಿ, ಅರಿಸಿನ, ನೀಲಿ ಮುಂತಾದ ಬಣ್ಣ ಬೆರೆಸಿ ನಾದಿ, ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಲೇತಿನ ಮೇಲೆ ತಿರುಗುತ್ತಿರುವ ಬಿಲ್ಲೆಗೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೇಲೆ ಒಣ ಓಲೆಯನ್ನು ಒತ್ತಿ ಹಿಡಿದು ನಯ ಮಾಡಿದರೆ ಕನ್ನಡಿಯಂಥ ಹೊಳಪು. ಅರಗು ಹುಳುವಿನಿಂದ ಬಂದ ಅಂಟು, ತಾನಾಗಿ ವಿಷವಲ್ಲ. ಬೆರೆಸುವ ಬಣ್ಣ ಯಾವುದೆಂಬುದನ್ನು ಮಾತ್ರ ಕೇಳಿ ತರಬೇಕು.

ಹಿರಿಯರು ಕೆಲವರು ಈ ಕೆಲಸವನ್ನೇ ಕೈಬಿಡಿ ಎನ್ನುತ್ತಾರೆ. ಅದನ್ನು ಹುಡುಗರು ನಿಮ್ಮೊಡನೆ ಕುಳಿತು ತೀರ್ಮಾನಿಸಲಿ. ಹಾಲೆಯ ತುಂಡುಗಳು ಈಗಾಗಲೇ ಸಂಘದ ಅಟ್ಟದ ಮೇಲೆ ಒಣಗುತ್ತಿವೆ. ಕೊಟ್ಟವರು ದುಡ್ಡು ಕೇಳಲಿಲ್ಲ. ಆದರೆ ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಜಾತ್ರೆಯಲ್ಲಿ ಮಾರಿದ 80ರಲ್ಲಿ 33 ಆಟಿಕೆಗಳು ಇನ್ನೂ ಮನೆಗಳಲ್ಲಿವೆ. ಚೆನ್ನಾಗಿ ತಿರುಗುತ್ತಿವೆ ಎಂದೇ ಅವನ್ನು ಯಾರೂ ಹಿಂದಕ್ಕೆ ತಂದಿಲ್ಲ. ದಯವಿಟ್ಟು ತಂದುಕೊಡಿ. ಪಕ್ಕದ ಊರುಗಳಲ್ಲಿ ನಿಮ್ಮ ನಂಟರಿದ್ದರೆ ಅವರಿಗೂ ಹೇಳಿ ಕಳುಹಿಸಿ. ಒಲೆಗೆ ಹಾಕಬೇಡಿ, ಹೊಗೆಯಲ್ಲಿಯೂ ಸೀಸ ಬರುತ್ತದೆ. ಒಂದಕ್ಕೆ 40 ರೂಪಾಯಿಯಂತೆ 33ಕ್ಕೆ 1,320 ರೂಪಾಯಿ ಆಗುತ್ತದೆ. ಸಂಘದ ಪೆಟ್ಟಿಗೆಯಲ್ಲಿ ಉಳಿದಿರುವುದು ಸರಿಯಾಗಿ ಅಷ್ಟೇ. ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲವೆಂದು ಹುಡುಗರು ಮೊನ್ನೆಯೇ ಬರೆದು ರುಜು ಹಾಕಿದ್ದಾರೆ. ಭಾನುವಾರ ಬೆಳಿಗ್ಗೆ ಚಾವಡಿಯಲ್ಲಿ ನಾನು ಕುಳಿತಿರುತ್ತೇನೆ.