ಯಾವ ಪ್ರಾಯ ಮತ್ತೆ ಬರಬೇಕು?



ಭಾರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಬರುವ ರೈತರು, ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕದಲ್ಲಿ ಮುಂದಿನ ಮಳೆ-ಬೆಳೆಯನ್ನು ಅರಸುತ್ತಾರೆ. ಮುಂದಿನದಿರಲಿ, ಕಳೆದ ಬಾಳಿನ ಒಂದು ಘಟ್ಟ ಮತ್ತೆ ಸಿಗುವುದಾದರೆ ಹಿರಿಯ ರೈತ ಯಾವುದನ್ನು ಕೇಳಿಕೊಳ್ಳಬೇಕು?

ಆಟದ ಬಾಲ್ಯವನ್ನಲ್ಲ, 25ರ ಪ್ರಾಯವನ್ನು. ಬದು ಹಾಕುವ ಕಸುವು, ನೆಟ್ಟ ಮರದ ಫಲ ಉಣ್ಣುವ ಕಾಲಾವಕಾಶ ಎರಡೂ ಇರುವುದು ಆಗಲೇ. ಬೀಜದಿಂದ ಬೆಳೆಸಿದ ಹುಣಸೆ ಫಲ ಕೊಡಲು 8-10 ವರ್ಷ ಬೇಕು, ಕಸಿ ಗಿಡಕ್ಕೆ 4-5 ವರ್ಷ. ಆಮೇಲೆ ಹತ್ತಾರು ವರ್ಷ ಫಲ ತಪ್ಪದು. 25ರಲ್ಲಿ ನೆಟ್ಟವನಿಗೆ 60ರಲ್ಲಿ ಅದೇ ಪಿಂಚಣಿ.

ಆದರೆ ಆ ಪ್ರಾಯದವರಿಗೆ ಹೊಲದ ವಿಚಾರದಲ್ಲಿ ಮಾತಿಲ್ಲ. ಮಾತು ನಡೆಯುವ ಹೊತ್ತಿಗೆ ಕಸುವು ಉಳಿದಿರುವುದಿಲ್ಲ. ಬೇಸತ್ತ ಮಕ್ಕಳು ಊರು ಬಿಡುತ್ತಾರೆ.

ಕಳೆದ ಪ್ರಾಯ ಬಾರದು. ಮನೆಯಲ್ಲಿ ಆ ಪ್ರಾಯದ ಮಗನೋ ಮಗಳೋ ಇದ್ದರೆ ಒಂದೆಕರೆಯ ತೀರ್ಮಾನವನ್ನು ಅವರಿಗೆ ಬಿಡಿರಿ. ಬೇಸಿಗೆಯಲ್ಲೇ 10 ಮೀಟರ್ ಅಂತರದಲ್ಲಿ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಮುಂಗಾರಿಗೆ ಹುಣಸೆ ನೆಡಲಿ. ಸಾಲುಗಳ ನಡುವೆ ಸಜ್ಜೆ, ತೊಗರಿ ಬೆಳೆಯಲಿ. ನೀರು ಎಲ್ಲಿ ಹರಿಯುತ್ತದೆ, ಮಣ್ಣು ಎಲ್ಲಿ ಕೊಚ್ಚುತ್ತದೆ ಎಂಬುದನ್ನು ಹಿರಿಯರು ಜೊತೆಗೆ ನಿಂತು ತೋರಿಸಿಕೊಡಬೇಕು.