ಮನೆಯ ಗಣಕಯಂತ್ರಕ್ಕೆ ಹೊಸ ಕಾರ್ಯಾಚರಣಾ ವ್ಯವಸ್ಥೆ ಬೇಕೇ?

ಮುಂಬಯಿ ಮಹಾನಗರದ ಉತ್ತರದ ಅಂಚಿನಲ್ಲಿರುವ ದಹಿಸರ್, ಪಶ್ಚಿಮ ರೈಲ್ವೆಯ ಉಪನಗರ ಮಾರ್ಗದಲ್ಲಿ ನಗರದ ಎಲ್ಲೆಯೊಳಗಿನ ಕೊನೆಯ ನಿಲ್ದಾಣ. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಂದ ಬಂದು ಇಲ್ಲಿ ನೆಲೆ ನಿಂತ ಕುಟುಂಬಗಳು ಅನೇಕ. ಅಂತಹ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರು ಬ್ಯಾಂಕ್ ನೌಕರಿಯಿಂದ ನಿವೃತ್ತರಾದವರು. ಒಂದು ಕನ್ನಡ ಸಂಘದ ಕಾರ್ಯದರ್ಶಿಯಾಗಿ ಹಲವು ವರ್ಷ ದುಡಿದವರು. 2014ರಲ್ಲಿ ಕೊಂಡ ಗಣಕಯಂತ್ರವೊಂದು ಅವರ ಮೇಜಿನ ಮೇಲಿದೆ. ಕೊಂಡಾಗ ಅದರಲ್ಲಿ ವಿಂಡೋಸ್ 8.1 ಇತ್ತು. 2016ರಲ್ಲಿ, ಮೈಕ್ರೋಸಾಫ್ಟ್ ಕಂಪನಿಯು ಉಚಿತವಾಗಿ ನೀಡುತ್ತಿದ್ದ ಅವಧಿ ಮುಗಿಯುವ ಮೊದಲು, ಮಗ ಅದನ್ನು ವಿಂಡೋಸ್ 10ಕ್ಕೆ ಏರಿಸಿದ. ಪಿಂಚಣಿಯ ಲೆಕ್ಕ, ವಿದ್ಯುತ್ ಬಿಲ್ಲಿನ ಪಾವತಿ, ಊರಿನ ದೇವಸ್ಥಾನಕ್ಕೆ ಕಳುಹಿಸುವ ಕಾಣಿಕೆ, ಮೊಮ್ಮಕ್ಕಳ ಭಾವಚಿತ್ರಗಳು, ಸಂಘದ ಸ್ಮರಣ ಸಂಚಿಕೆಗಳ ಇಪ್ಪತ್ತು ವರ್ಷಗಳ ಬರಹ, ಇವೆಲ್ಲವೂ ಅದರ ಹೊಟ್ಟೆಯಲ್ಲಿವೆ.

"ಅಪ್ಪಾ, ಇನ್ನು ಇದನ್ನು ಬದಲಾಯಿಸಲೇಬೇಕು" ಎಂಬುದು ಮಗನ ಹಟ. "ಚೆನ್ನಾಗಿಯೇ ನಡೆಯುತ್ತಿದೆಯಲ್ಲ ಮಗಾ, ನಡೆಯುವ ಯಂತ್ರಕ್ಕೆ ಏಕೆ ಕೈ ಹಾಕುವುದು?" ಎಂಬುದು ತಂದೆಯ ಪ್ರಶ್ನೆ. ಈ ಪ್ರಶ್ನೆಯನ್ನು ಹಳಬರ ಹಿಂಜರಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಕಾರ್ಯಾಚರಣಾ ವ್ಯವಸ್ಥೆ ಎಂದರೆ ಗಣಕದ ಯಂತ್ರಭಾಗಗಳನ್ನು ಮತ್ತು ನಾವು ಬಳಸುವ ತಂತ್ರಾಂಶಗಳನ್ನು ಬೆಸೆಯುವ ಮೂಲ ತಂತ್ರಾಂಶ. ಕೀಲಿಮಣೆಯ ಒಂದು ಗುಂಡಿ ಒತ್ತಿದೊಡನೆ ತೆರೆಯ ಮೇಲೆ ಅಕ್ಷರ ಮೂಡುವುದು, ಮುದ್ರಣಯಂತ್ರ ಕಾಗದವನ್ನು ಹೊರಹಾಕುವುದು, ಒಂದು ತಂತ್ರಾಂಶವು ಇನ್ನೊಂದರ ಕಡತವನ್ನು ಕದಿಯದಂತೆ ತಡೆಯುವುದು ಎಲ್ಲವೂ ಅದರ ಹೊಣೆ. 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ರಂದು ನಿಂತವು. ಮಾರನೆಯ ದಿನ ಬೆಳಿಗ್ಗೆ ಯಾವ ಗಣಕವೂ ಕೆಟ್ಟು ನಿಲ್ಲಲಿಲ್ಲ. ಎಲ್ಲವೂ ಹಿಂದಿನಂತೆಯೇ ನಡೆಯಿತು. ತೊಂದರೆ ಇರುವುದು ಇಲ್ಲಿಯೇ. ಹೊರನೋಟಕ್ಕೆ ಏನೂ ಬದಲಾಗದ ಕಾರಣ ಅಪಾಯವೂ ಇಲ್ಲವೆಂಬ ಭಾವನೆ ಬೆಳೆಯುತ್ತದೆ.

ಕೋಟ್ಯಂತರ ಸಾಲುಗಳ ಇಂತಹ ತಂತ್ರಾಂಶದಲ್ಲಿ ದೋಷಗಳು ತಪ್ಪಿದ್ದಲ್ಲ. ದೋಷ ಪತ್ತೆಯಾದಾಗ ತಯಾರಕರು ಅದಕ್ಕೆ ತೇಪೆ ಸಿದ್ಧಪಡಿಸಿ ಪ್ರಕಟಿಸುತ್ತಾರೆ. ತೇಪೆ ಪ್ರಕಟವಾದ ಗಳಿಗೆಯಿಂದ, ತೂತು ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ. ವಿಂಡೋಸ್ 10 ಮತ್ತು 11ರ ಒಳಭಾಗದಲ್ಲಿ ಸಮಾನ ಅಂಶಗಳು ಬಹಳ. ಆದ್ದರಿಂದ ಹೊಸದಕ್ಕೆ ಹಚ್ಚಿದ ತೇಪೆಯೇ ಹಳೆಯದರ ತೂತನ್ನು ತೋರಿಸಿಕೊಡುವ ಸಂಭವವಿದೆ. ವೈರಸ್ ಪತ್ತೆ ಮಾಡುವ 'ಡಿಫೆಂಡರ್' ತಂತ್ರಾಂಶಕ್ಕೆ ಬೇಕಾದ ಮಾಹಿತಿಯನ್ನು ವಿಂಡೋಸ್ 10ರಲ್ಲಿ 2028ರ ಅಕ್ಟೋಬರ್‌ವರೆಗೆ ಒದಗಿಸುವುದಾಗಿ ಕಂಪನಿ ತಿಳಿಸಿದೆ. ಇದು ನಿಜ. ಆದರೆ ಬಾಗಿಲಲ್ಲಿ ಕಾವಲುಗಾರ ನಿಂತ ಮಾತ್ರಕ್ಕೆ ಹಿತ್ತಿಲ ಗೋಡೆಯ ಬಿರುಕು ಮುಚ್ಚುವುದಿಲ್ಲ.

2017ರ ಮೇ 12ರಂದು 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶವು ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಮಿಕ್ಕಿದ ಗಣಕಗಳಿಗೆ ತಗುಲಿ, ಕಡತಗಳನ್ನು ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ತೇಪೆ ನೀಡಿತ್ತು. ಬಾಧೆಗೊಳಗಾದವುಗಳಲ್ಲಿ ಹೆಚ್ಚಿನವು ವಿಂಡೋಸ್ 7ರ ಗಣಕಗಳು. ಆ ವ್ಯವಸ್ಥೆಗೆ ಆಗ ಇನ್ನೂ ಬೆಂಬಲವಿತ್ತು. ಅಂದರೆ ಹಳತು ಹೊಸತೆಂಬುದಕ್ಕಿಂತ, ಬಂದ ತೇಪೆಯನ್ನು ಹಚ್ಚಿಕೊಂಡರೇ ಎಂಬುದು ಮುಖ್ಯವಾಯಿತು. ಮುಂದಿನ ತಿಂಗಳು ಅದೇ ದೋಷವನ್ನೂ ಬಳಸಿಕೊಂಡ ಇನ್ನೊಂದು ದಾಳಿಯ ಪರಿಣಾಮವಾಗಿ ಮುಂಬಯಿಯ ಎದುರು ದಂಡೆಯ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್‌ನಲ್ಲಿ ಕಂಟೇನರುಗಳ ಸಾಗಾಟವೇ ಸ್ಥಗಿತಗೊಂಡಿತ್ತು. ಮನೆಯ ಗಣಕಕ್ಕೆ ಬಂದರಿನಷ್ಟು ಬೆಲೆಯಿಲ್ಲ, ನಿಜ. ಆದರೆ ಇಂತಹ ತಂತ್ರಾಂಶವು ಬೆಲೆ ನೋಡಿ ಬರುವುದಿಲ್ಲ. ತೆರೆದ ಬಾಗಿಲು ಕಂಡಲ್ಲೆಲ್ಲ ನುಗ್ಗುತ್ತದೆ.

ಹಾಗಾದರೆ ತಂದೆಯ ಹಿಂಜರಿಕೆಗೆ ಕಾರಣವೇನು? ಕೇವಲ ಖರ್ಚಲ್ಲ. ಸಂಘದ ಸ್ಮರಣ ಸಂಚಿಕೆಗಳ ಕನ್ನಡ ಬರಹ ಹೊಸ ವ್ಯವಸ್ಥೆಯಲ್ಲಿ ತೆರೆಯುವುದೇ ಎಂಬ ಭಯ. ಈ ಭಯಕ್ಕೆ ಆಧಾರವಿದೆ.

ಗಣಕದಲ್ಲಿ ಕನ್ನಡ ಬಂದ ಮೊದಲ ವರ್ಷಗಳಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳು ಬಳಕೆಯಲ್ಲಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು, ಅಂದರೆ ತಲೆಕಟ್ಟು, ಗುಡಿಸು, ಒತ್ತಕ್ಷರಗಳ ಆಕೃತಿಗಳನ್ನು, ಕೂರಿಸಿ ಅಕ್ಷರಶೈಲಿಗಳನ್ನು ರಚಿಸಲಾಗುತ್ತಿತ್ತು. ಆ ಶೈಲಿ ಇರುವ ಗಣಕದಲ್ಲಿ ಬರಹ ಮುತ್ತಿನಂತೆ ಕಾಣುತ್ತಿತ್ತು. ಇಲ್ಲದ ಗಣಕದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ ಬಳಕೆಗೆ ಬಂದಿತು. ಅದರ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದು, ಮಂಗಳೂರಿನ ಸಮೀಪದ ಕಿನ್ನಿಕಂಬಳದ ಇವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಕರಾವಳಿಗೂ ಮುಂಬಯಿಗೂ ಇರುವ ನಂಟು ಕನ್ನಡದ ಕೀಲಿಮಣೆಯವರೆಗೂ ಹಬ್ಬಿದೆಯೆಂಬುದು ಸಂತೋಷದ ಸಂಗತಿ.

ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಸ್ವಂತ ಸ್ಥಾನವಿದೆ. 2001ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ ಕನ್ನಡಕ್ಕೆ ಈ ಅನುಕೂಲ ದೊರೆಯಿತು. ಯೂನಿಕೋಡಿನಲ್ಲಿರುವ ಬರಹ ಯಾವ ವ್ಯವಸ್ಥೆಗೆ ಹೋದರೂ, ದೂರವಾಣಿಯ ತೆರೆಗೆ ಬಂದರೂ, ಕನ್ನಡವಾಗಿಯೇ ಉಳಿಯುತ್ತದೆ. ಆದರೆ ಅನೇಕರು ರೂಢಿಯ ಬಲದಿಂದ ಹಳೆಯ ಶೈಲಿಗಳಲ್ಲಿಯೇ ಬರೆಯುತ್ತ ಬಂದರು. ಮುದ್ರಣಾಲಯಗಳೂ ಅದನ್ನೇ ಕೇಳುತ್ತಿದ್ದವು. ಹೀಗಾಗಿ ದಹಿಸರ್‌ನ ಆ ಮನೆಯಲ್ಲಿ ಇರುವಂತಹ ಕಡತಗಳು ಎಷ್ಟೋ ಮನೆಗಳಲ್ಲಿವೆ. ವ್ಯವಸ್ಥೆಯ ಬದಲಾವಣೆ ಇವುಗಳನ್ನು ಅಳಿಸುವುದಿಲ್ಲ, ಓದಲಾಗದಂತೆ ಮಾಡುತ್ತದೆ. ಫಲಿತಾಂಶ ಹೆಚ್ಚುಕಡಿಮೆ ಒಂದೇ.

ಇದಕ್ಕೆ ಪರಿಹಾರ ಸುಲಭವಾಗಿಯೇ ಇದೆ. ತಾಳ್ಮೆ ಬೇಕು, ಅಷ್ಟೆ. 'ನುಡಿ' ಮತ್ತು 'ಬರಹ'ಗಳ ಜೊತೆಯಲ್ಲಿಯೇ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಹಳೆಯ ವ್ಯವಸ್ಥೆ ನಡೆಯುತ್ತಿರುವಾಗಲೇ, ಮೂಲವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಈ ಕೆಲಸ ಮಾಡಬೇಕು. ಪರಿವರ್ತನೆಯಲ್ಲಿ ಅರ್ಕಾವೊತ್ತು, ದೀರ್ಘ, ಒತ್ತಕ್ಷರಗಳ ಬಳಿ ತಪ್ಪುಗಳು ಉಳಿಯುವುದುಂಟು. ಇಂಗ್ಲಿಷ್ ಪದಗಳು ಮತ್ತು ಅಂಕಿಗಳು ಕಲಸಿಹೋಗುವುದುಂಟು. ದಾನಿಗಳ ಹೆಸರು ಮತ್ತು ಮೊತ್ತಗಳಿರುವ ಪಟ್ಟಿಯನ್ನು ಒಬ್ಬರು ಓದಿ ಇನ್ನೊಬ್ಬರು ನೋಡಿ ತಾಳೆ ಹಾಕುವುದೇ ಕ್ಷೇಮ. ಅಚ್ಚಾದ ಸಂಚಿಕೆಯ ಪುಟವಿನ್ಯಾಸ ಉಳಿಯಬೇಕಾದರೆ ಅದರ ಒಂದು ಪಿಡಿಎಫ್ ಪ್ರತಿಯನ್ನೂ ತೆಗೆದಿರಿಸಬೇಕು.

ನಂತರ ಎಲ್ಲ ಕಡತಗಳ ಪ್ರತಿ. ಅದೇ ಗಣಕದ ಇನ್ನೊಂದು ಭಾಗದಲ್ಲಿ ಇರಿಸಿದ ಪ್ರತಿ ಪ್ರತಿಯೇ ಅಲ್ಲ. ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಮನೆಯಲ್ಲಿ ಇನ್ನೊಂದು ಇರುವುದು ಯೋಗ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ದಹಿಸರ್ ನದಿಯೂ ಉಕ್ಕಿ ಹರಿದುದನ್ನು ಕಂಡ ಊರಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಪ್ರತಿ ತೆಗೆದ ಮೇಲೆ ಅದನ್ನು ಇನ್ನೊಂದು ಗಣಕದಲ್ಲಿ ತೆರೆದು ನೋಡಬೇಕು. ತೆರೆಯದ ಪ್ರತಿಯನ್ನು ನಂಬುವವರು ಬಹಳ ಮಂದಿ.

ಇಷ್ಟಾದ ಮೇಲೆ ಆಯ್ಕೆಯ ಪ್ರಶ್ನೆ. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಸಂಸ್ಕಾರಕ ಬೇಕು. ಇಂಟೆಲ್ ತಯಾರಿಕೆಯಾದರೆ, ಕೆಲವು ಅಪವಾದಗಳ ಹೊರತು, 2017ರಲ್ಲಿ ಬಂದ ಎಂಟನೆಯ ಪೀಳಿಗೆ ಅಥವಾ ಅನಂತರದ್ದಾಗಿರಬೇಕು. ಅರ್ಹತೆಯನ್ನು ಪರೀಕ್ಷಿಸುವ ಉಚಿತ ಸಾಧನವನ್ನು ಕಂಪನಿಯೇ ನೀಡಿದೆ. ಅದು 'ಇಲ್ಲ' ಎಂದೊಡನೆ ಹೊಸ ಯಂತ್ರ ಕೊಳ್ಳಲು ಓಡಬೇಕಾಗಿಲ್ಲ. 2018ರ ಈಚಿನ ಎಷ್ಟೋ ಗಣಕಗಳಲ್ಲಿ ಟಿಪಿಎಂ ಇದ್ದರೂ ಅದನ್ನು ಚಾಲನೆಗೊಳಿಸಿರುವುದಿಲ್ಲ. ಗಣಕ ಆರಂಭವಾಗುವಾಗ ತೆರೆಯುವ ಬಯಾಸ್ ಪುಟದಲ್ಲಿ ಅದನ್ನು ತಿಳಿದವರಿಂದ ಚಾಲನೆಗೊಳಿಸಿದರೆ ಸಾಕಾದೀತು. ಏರಿಸಿದ ಬಳಿಕ ಹಿಂದಿನ ವ್ಯವಸ್ಥೆಗೆ ಮರಳಲು ಹತ್ತು ದಿನಗಳ ಅವಕಾಶವಿರುತ್ತದೆ. ಆ ಹತ್ತು ದಿನಗಳಲ್ಲಿ ಮುದ್ರಣಯಂತ್ರ, ಸ್ಕ್ಯಾನರ್, ಕನ್ನಡ ತಂತ್ರಾಂಶಗಳನ್ನು ಬಳಸಿ ನೋಡಬೇಕು. ಹೊಸ ವ್ಯವಸ್ಥೆಯಲ್ಲಿ ಡಿಸ್ಕ್ ಗೂಢಲಿಪಿಗೊಂಡಿದ್ದರೆ, 48 ಅಂಕಿಗಳ ಕೀಲಿಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡುವುದು ಅಗತ್ಯ. ಅದು ಕಳೆದರೆ ಸ್ವಂತ ಕಡತಗಳೇ ಪರರ ಪಾಲಿನ ತಿಜೋರಿಯಂತಾಗುತ್ತವೆ.

2014ರ ಯಂತ್ರಕ್ಕೆ ಈ ದಾರಿ ಇಲ್ಲ. ಗ್ರ್ಯಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿ ಸಾಲಿಗೆ ಹೋದರೆ, ಅರ್ಹತೆಯ ಪರೀಕ್ಷೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರು ಸಿಕ್ಕಾರು. ಹಾಗೆ ಹಾಕಿದ ವ್ಯವಸ್ಥೆಗೆ ಪರಿಷ್ಕರಣೆಗಳ ಭರವಸೆಯಿಲ್ಲವೆಂದು ಕಂಪನಿ ಸ್ಪಷ್ಟವಾಗಿ ಹೇಳಿದೆ. ಪರಿಷ್ಕರಣೆಗಾಗಿಯೇ ಮಾಡುವ ಬದಲಾವಣೆಯಲ್ಲಿ ಪರಿಷ್ಕರಣೆಯೇ ಖಚಿತವಿಲ್ಲದಿದ್ದರೆ ಪ್ರಯೋಜನವೇನು? ಅಗ್ಗದ ನಕಲು ಪ್ರತಿಗಳ ಮಾತಂತೂ ಬೇಡ.

ಗಡುವಿನ ಬಳಿಕವೂ ಒಂದು ವರ್ಷ ಭದ್ರತಾ ತೇಪೆಗಳನ್ನು ಪಡೆಯುವ ವಿಸ್ತೃತ ಯೋಜನೆಯನ್ನು ಕಂಪನಿಯು ಮನೆಬಳಕೆಯವರಿಗೂ ಪ್ರಕಟಿಸಿತು. 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ ತೆತ್ತು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯ ಮೂಲಕ ಸಿದ್ಧತೆಗಳ ಪ್ರತಿ ಇರಿಸಿ ಹಣವಿಲ್ಲದೆ, ಸೇರಬಹುದೆಂದು ಅದರಲ್ಲಿ ತಿಳಿಸಲಾಯಿತು. ಆ ಪ್ರಕಟಣೆಯಲ್ಲಿ ನೀಡಿದ ಕೊನೆಯ ದಿನ 2026ರ ಅಕ್ಟೋಬರ್ 13. ಇದನ್ನು ಕಡತಗಳ ಪರಿವರ್ತನೆಗೆ ದೊರೆತ ಸಮಯವೆಂದು ಬಳಸಬೇಕೇ ಹೊರತು, ನಿರ್ಧಾರವನ್ನು ಮುಂದೂಡುವ ನೆಪವಾಗಿ ಅಲ್ಲ.

ಇನ್ನೊಂದು ದಾರಿ ಲಿನಕ್ಸ್. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವು ಉಚಿತ, ಹಳೆಯ ಯಂತ್ರಗಳಲ್ಲಿಯೂ ಚೆನ್ನಾಗಿ ನಡೆಯುತ್ತವೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ 'ಬಾಸ್' ಕೂಡ ಲಿನಕ್ಸ್ ಆಧಾರಿತವೇ. ಭಾರತೀಯ ಭಾಷೆಗಳ ಬೆಂಬಲ ಅದರ ಉದ್ದೇಶಗಳಲ್ಲೊಂದು. 'ನುಡಿ' ತಂತ್ರಾಂಶ ಲಿನಕ್ಸಿನಲ್ಲಿ ನೇರವಾಗಿ ನಡೆಯದು. ಆದರೆ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲಿ ಅಡಕವಾಗಿಯೇ ಇರುವುದರಿಂದ ಬೆರಳುಗಳು ಹೊಸ ಅಭ್ಯಾಸ ಮಾಡಬೇಕಾಗಿಲ್ಲ. 'ಗುಬ್ಬಿ', 'ನವಿಲು' ಎಂಬ ಸುಂದರ ಅಕ್ಷರಶೈಲಿಗಳೂ ಲಭ್ಯ. ವಿಂಡೋಸ್‌ಗಾಗಿಯೇ ಬರೆದ ಲೆಕ್ಕಪತ್ರದ ತಂತ್ರಾಂಶವನ್ನು ಅವಲಂಬಿಸಿದವರಿಗೆ ಮಾತ್ರ ಇದು ಹೊಂದದು. ಪೆನ್ ಡ್ರೈವ್‌ನಿಂದಲೇ ಲಿನಕ್ಸನ್ನು ನಡೆಸಿ, ಡಿಸ್ಕಿಗೆ ಕೈ ಹಚ್ಚದೆ, ಒಂದೆರಡು ದಿನ ನೋಡಲು ಸಾಧ್ಯವಿದೆ. ಸಾಮಾನ್ಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ವರ್ಷ ಹಳೆಯ ಯಂತ್ರವೂ ಚುರುಕಾಗುತ್ತದೆ. 'ಗಣಕ ನಿಧಾನ' ಎಂಬ ದೂರಿಗೆ ಬಹುಪಾಲು ಕಾರಣ ಆ ತಿರುಗುವ ಡಿಸ್ಕ್.

ದಹಿಸರ್‌ನ ಮನೆಗೆ ಹೊಂದುವ ಕ್ರಮ ಹೀಗಿರಬಹುದು. ಬ್ಯಾಂಕ್ ವ್ಯವಹಾರ ಇಂದೇ ಆ ಯಂತ್ರದಿಂದ ಹೊರಬರಬೇಕು. ಮಗನ ಹೊಸ ಲ್ಯಾಪ್‌ಟಾಪ್ ಅಥವಾ ಪರಿಷ್ಕರಣೆ ಪಡೆಯುತ್ತಿರುವ ದೂರವಾಣಿ ಅದಕ್ಕಿದೆ. ಹಳೆಯ ಗಣಕದ ಅಂತರಜಾಲ ಸಂಪರ್ಕ ಕಡಿದು, ಅದನ್ನು ಕಡತಗಳ ಪರಿವರ್ತನೆಗಾಗಿ ಮಾತ್ರ ಇರಿಸಿಕೊಳ್ಳುವುದು. ದಿನಕ್ಕೊಂದು ಲೇಖನದಂತೆ ಕೆಲಸ ಸಾಗಿದರೂ ಕೆಲವು ತಿಂಗಳಲ್ಲಿ ಮುಗಿದೀತು. ಆಮೇಲೆ ಎಸ್‌ಎಸ್‌ಡಿ ಹಾಕಿಸಿ, ಅದರಲ್ಲಿ ಲಿನಕ್ಸ್ ಸ್ಥಾಪಿಸಿ, ಮತ್ತೆ ಅಂತರಜಾಲಕ್ಕೆ ಜೋಡಿಸಬಹುದು. ಈ ನಡುವೆ ಎಲ್ಲಿಯಾದರೂ ಖಾತೆಯಿಂದ ಹಣ ಹೋದರೆ 1930 ಸಂಖ್ಯೆಗೆ ಆ ಗಳಿಗೆಯಲ್ಲಿಯೇ ಕರೆ ಮಾಡಬೇಕು. ತಡವಾದಷ್ಟೂ ಹಣ ಹಿಂದೆ ಬರುವ ಸಂಭವ ಕಡಿಮೆ. ಕಳಚಿದ ಹಾರ್ಡ್ ಡಿಸ್ಕನ್ನು ಗುಜರಿಯವನ ತಕ್ಕಡಿಗೆ ಹಾಕಬಾರದು. ಅಳಿಸಿದ ಕಡತಗಳನ್ನು ಅದರಿಂದ ಮತ್ತೆ ಹೊರತೆಗೆಯುವುದು ಕಷ್ಟದ ಕೆಲಸವಲ್ಲ. ಪ್ರತಿಗಳೆಲ್ಲ ಸರಿಯಾಗಿ ತೆರೆಯುತ್ತಿವೆಯೆಂದು ಇನ್ನೊಮ್ಮೆ ನೋಡಿಕೊಂಡು, ಡಿಸ್ಕನ್ನು ಪೂರ್ಣವಾಗಿ ಮೇಲ್ಬರೆಸಿ, ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಅದು ಕಪಾಟಿನಲ್ಲಿಯೇ ಇರಲಿ.